ಕಲ್ಲು ಮಾಳಿಗೆಯ ಕೋಣೆಗೆ ಎಷ್ಟು ಟನ್

ಎಸಿ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ಶಹಾಬಾದಿಗೆ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ದಸ್ತಗೀರ್ ಚಾಚಾ, ಯಾ ಮನಿಗಿ ಎಷ್ಟ ಟನ್ ಬೇಕಂತ ಪಕ್ಕಾ ಹೇಳೂದು ಹ್ಯಾಂಗ್ರಿ?" ಕೇಳುತ್ತಾರೆ, ಆದರೆ ಉತ್ತರ ಕೇಳುವ ಸಬೂರಿ ಇರುವುದಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಮೊಬೈಲ್ ತೆಗೆದು, ಇದರಲ್ಲಿ ಕೋಣೆಯ ಉದ್ದ ಅಗಲ ಹೊಡೆದರೆ ಟನ್ ತಾನೇ ಬರುತ್ತದೆ ಎಂದು ನನಗೇ ಪಾಠ ಹೇಳುತ್ತಾರೆ. ಹಾಗಿದ್ದರೆ ನನ್ನ ತಲೆ ತಿನ್ನಲು ಯಾಕೆ ಬಂದಿರೋ ಎಂದು ಗದರಿಸಿ ಕಳಿಸುತ್ತೇನೆ. ಮೊಣಕಾಲು ಹೋದವೆಂದು ಕೆಲಸ ಬಿಟ್ಟೆ, ಸಿಟ್ಟು ಬಿಡಲಿಲ್ಲ.

ಕಳಿಸಿದ ಮೇಲೆ ಮನಸ್ಸು ತಡೆಯುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಹಿರಿಯ ಮಿಸ್ತ್ರಿಯಾದದ್ದು, ಕಂಪನಿಯವರು ಕರೆದು ಶಾಲು ಹೊದಿಸಿದ್ದು ಇವೆಲ್ಲ ಯಾರಿಗೆ ಬೇಕು? ಆ ಶಾಲು ಈಗ ನಮ್ಮ ಮನೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಹಾಸಿದೆ. ನಾನು ಹೇಳಬೇಕಾದದ್ದು ಚಿತ್ತಾಪುರದ ಒಂದು ಕೋಣೆಯ ಸಂಗತಿ. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿ, ಮತ್ತೆ ಬಸಿರಾಗಿದ್ದ ಶ್ರೀದೇವಿ ಎಂಬ ಹೆಣ್ಣುಮಗಳಿಗೆ ತಂಪು ಬೇಕೆಂದು ಆ ಕೋಣೆಗೆ ಎಸಿ ಹಚ್ಚಿದೆವು. ಬೇಕಾದದ್ದಕ್ಕಿಂತ ಅರ್ಧ ಟನ್ ಕಡಿಮೆಯದನ್ನು ಹಚ್ಚಿದೆವು. ಹೊಟ್ಟೆಯೊಳಗಿನ ಕೂಸಿನ ಪ್ರಾಣ ಆ ಅರ್ಧ ಟನ್ನಿನ ಮೇಲೆ ನಿಂತಿದೆ ಎಂದು ಆವತ್ತು ಯಾರಿಗೂ ಹೊಳೆಯಲಿಲ್ಲ.

ಟನ್ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಗಿರಾಕಿಗಳಲ್ಲಿ ಅರ್ಧ ಮಂದಿ ಅದನ್ನು ಯಂತ್ರದ ತೂಕ ಎಂದೇ ತಿಳಿದಿರುತ್ತಾರೆ. ತೂಕವಲ್ಲ. ಕೋಣೆಯೊಳಗಿನ ಧಗೆಯನ್ನು ಎಳೆದು ಹೊರಗೆ ಹಾಕುವ ಶಕ್ತಿಯ ಅಳತೆ ಅದು. ಹತ್ತು ಫೂಟು ಅಗಲ, ಹನ್ನೆರಡು ಫೂಟು ಉದ್ದದ ಕೋಣೆಗೆ ಒಂದು ಟನ್ ಎಂಬುದು ಪುಸ್ತಕದ ಲೆಕ್ಕ. ಆ ಪುಸ್ತಕ ಬರೆದ ಪುಣ್ಯಾತ್ಮ ನಮ್ಮ ಶಹಾಬಾದ್ ಕಲ್ಲಿನ ಕೆಳಗೆ ಒಂದು ಬೇಸಿಗೆ ಮಲಗಿ ನೋಡಿರಲಿಲ್ಲ. ನಮ್ಮ ಕಡೆ ನೆಲವೂ ಕಲ್ಲು, ಗೋಡೆಯೂ ಕಲ್ಲು, ಹಳೆಯ ಮನೆಗಳಲ್ಲಿ ತಲೆಯ ಮೇಲಿನ ಮಾಳಿಗೆಯೂ ಕಲ್ಲುಹಾಸೇ. ಆ ಕಲ್ಲು ಹಗಲೆಲ್ಲ ಬಿಸಿಲು ಕುಡಿದು ಸುಮ್ಮನೆ ಕೂತಿರುತ್ತದೆ. ಹೊತ್ತು ಮುಳುಗಿದ ಮೇಲೆ ಕುಡಿದದ್ದನ್ನೆಲ್ಲ ಕೆಳಗೆ ಬಿಡುತ್ತದೆ.

ಇದನ್ನು ನಾನು ಕಲಿತದ್ದು ಬೈಗುಳ ತಿಂದು. ಕೂಲರಿಗೆ ಹುಲ್ಲಿನ ಪಟ್ಟಿ ಬದಲಿಸುವ ಕೆಲಸ ಮುಗಿದು, ಕಿಟಕಿಯಲ್ಲಿ ಕೂರಿಸುವ ಎಸಿಗಳು ನಮ್ಮ ಕಡೆಗೆ ಬಂದ ಕಾಲ. ಸೇಡಂನ ಒಬ್ಬ ಅರಿವೆ ವ್ಯಾಪಾರಿಯ ಮನೆಗೆ ಮುಂಜಾನೆಯ ಹೊತ್ತಿನಲ್ಲಿ ಹೋಗಿ ಟೇಪು ಹಿಡಿದು ಅಳೆದು, ಪುಸ್ತಕದ ಪ್ರಕಾರ ಒಂದು ಟನ್ ಕೂರಿಸಿ ಬಂದೆ. ಮರುದಿನ ಸಂಜೆಗೆ ಫೋನು ಬಂತು.

"ದಸ್ತಗೀರ್, ಇದು ಎಸಿನೋ ಏನ್ ಬೀಸಣಗಿನೋ? ಮನಿಗಿ ಬಂದ ಬೀಗರು ಎದ್ದು ಅಂಗಳಾಗ ಹೋಗಿ ಕುಂತಾರ. ನನ್ನ ಮರ್ಯಾದಿ ಮಣ್ಣಾಗ ಹಾಕಿದಿ!"

ಓಡಿ ಹೋದೆ. ಯಂತ್ರ ಸರಿಯಾಗಿಯೇ ಓಡುತ್ತಿತ್ತು. ಏನು ಮಾಡಬೇಕೋ ತಿಳಿಯದೆ ಕುರ್ಚಿ ಹತ್ತಿ ಮೇಲಿನ ಕಲ್ಲಿಗೆ ಅಂಗೈ ಇಟ್ಟೆ. ರೊಟ್ಟಿಯ ಹಂಚಿಗೆ ಇಟ್ಟಂತಾಗಿ ಕೈ ಹಿಂದಕ್ಕೆ ಎಳೆದುಕೊಂಡೆ. ಅವತ್ತಿನಿಂದ ಅಳತೆಗೆ ಹೋಗುವುದಾದರೆ ಸಂಜೆಗೇ ಹೋಗುವುದು, ಟೇಪು ಬಿಚ್ಚುವುದಕ್ಕಿಂತ ಮುಂಚೆ ಕಲ್ಲು ಮುಟ್ಟುವುದು ರೂಢಿಯಾಯಿತು. "ಮಿಸ್ತ್ರಿ ಮಾಳಗೀದು ನಾಡಿ ಹಿಡದು ನೋಡಾಕತ್ತಾನ" ಎಂದು ಜನ ನಗುತ್ತಿದ್ದರು. ನಗಲಿ. ಕಲ್ಲು ಸುಟ್ಟರೆ ಪುಸ್ತಕದ ಲೆಕ್ಕಕ್ಕೆ ಅರ್ಧ ಟನ್ ಸೇರಿಸುತ್ತಿದ್ದೆ.

ಟನ್ ಹೆಚ್ಚಾದರೂ ಕೇಡೇ. ಇದು ವಾಡಿಯ ಪಾಠ. ಅಲ್ಲಿ ಒಬ್ಬ ಗುತ್ತಿಗೆದಾರ ಇದ್ದ. ಚಿಂಚೋಳಿಯಲ್ಲಿರುವ ಅವನ ಭಾವಮೈದುನನ ಮನೆಯಲ್ಲಿ ಒಂದೂವರೆ ಟನ್ ಇತ್ತಂತೆ. ಇವನಿಗೆ ಎರಡು ಬೇಕು. ಕೋಣೆ ನೋಡಿದರೆ ಕೋಳಿ ಗೂಡು, ಮೇಲೆ ಇನ್ನೊಂದು ಅಂತಸ್ತಿನ ನೆರಳು ಬೇರೆ. "ಇಷ್ಟ ಕ್ವಾಣಿಗಿ ಒಂದೇ ಭಾಳಾತು" ಎಂದೆ. "ನಿನಗ್ಯಾಕ ಹೊಟ್ಟಿ ಉರೀತದ, ಹಚ್ಚು" ಎಂದ. ನಮ್ಮ ಅಂಗಡಿಯ ಮಾಲೀಕ ಶಾಂತಪ್ಪ ಸಾಹುಕಾರರಿಗೆ ಮಾರಾಟವಾದರೆ ಸಾಕಿತ್ತು. ಹಚ್ಚಿದೆ. ಬೇಸಿಗೆಯಲ್ಲಿ ಎಲ್ಲರೂ ಕಂಬಳಿ ಹೊದ್ದು ಮೆರೆದರು. ಮಳೆಗಾಲ ಬಂದಿತು. ದೊಡ್ಡ ಯಂತ್ರ ಸಣ್ಣ ಕೋಣೆಯನ್ನು ಚಣದಲ್ಲಿ ತಣಿಸಿ ತಾನು ನಿಂತುಬಿಡುತ್ತದೆ, ಗಾಳಿಯಲ್ಲಿನ ಪಸೆಯನ್ನು ಹೀರಲು ಅದಕ್ಕೆ ಹೊತ್ತೇ ಸಿಗುವುದಿಲ್ಲ. ಗೋಡೆ ಬೆವರಿತು, ಹಾಸಿಗೆಗೆ ಬೂಸಲು ಬಂತು. ಧೂಳಿನಲ್ಲಿ ಬದುಕಿ ಮೊದಲೇ ಎದೆ ಕೆಟ್ಟಿದ್ದ ಅವನ ತಾಯಿಗೆ ದಮ್ಮು ಹತ್ತಿತು. ಆ ಮುದುಕಿ ದೀಪಾವಳಿ ಕಾಣಲಿಲ್ಲ. ಎಸಿಯಿಂದಲೇ ಸತ್ತಳು ಎಂದು ನಾನು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಗುತ್ತಿಗೆದಾರ ಅಂಗಡಿಗೆ ಬಂದು ರಿಮೋಟನ್ನು ಸಾಹುಕಾರರ ಮುಖಕ್ಕೆ ಎಸೆದು ಹೋದ.

ಅಲ್ಲಿಂದ ಶಾಂತಪ್ಪನವರ ರಾಗ ಬದಲಾಯಿತು. "ಇನ್ನ ಮುಂದ ಹೆಚ್ಚಿನ ಟನ್ನಿನ ಮಾತೇ ಬ್ಯಾಡ. ಹಾಸಿಗಿ ಇದ್ದಷ್ಟ ಕಾಲ ಚಾಚು. ಒಂದರಾಗ ನಡೀತದಂದ್ರ ಒಂದೇ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ವಾಡಿಯ ಎತ್ತಿನ ಜ್ವರಕ್ಕೆ ಬರೆ ಬಿದ್ದದ್ದು ಚಿತ್ತಾಪುರದ ಮೇಲೆ.

ಚಿತ್ತಾಪುರದ ಗುರುರಾಜ ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ವೈಷ್ಣವರ ಹಳೆಯ ಮನೆ, ಅಂಗಳದಲ್ಲಿ ತುಳಸಿ, ಹಿತ್ತಲಲ್ಲಿ ಬಾವಿ. ದೇವರಮನೆಯೂ ಮಲಗುವ ಕೋಣೆಯೂ ಒಂದೇ ಕಲ್ಲುಹಾಸಿನ ಕೆಳಗೆ. ಮನೆಯಲ್ಲಿ ಅವರು, ಹೆಂಡತಿ ಶ್ರೀದೇವಿ, ತಾಯಿ ಪದ್ಮಾಬಾಯಿ. ಈ ಸಲವಾದರೂ ಬಸಿರು ನಿಲ್ಲಬೇಕಾದರೆ ಸೊಸೆ ಧಗೆಯಲ್ಲಿ ಇರಬಾರದು ಎಂದು ಡಾಕ್ಟರು ಹೇಳಿದ್ದರು. ಮಾಸ್ತರರು ಅವತ್ತೇ ಅಂಗಡಿಗೆ ಫೋನು ಮಾಡಿದರು. ಹೆಂಡತಿಯ ಮೇಲೆ ಪ್ರೀತಿ ಇದ್ದ ಮನುಷ್ಯ, ಆ ಮಾತು ಮೊದಲೇ ಹೇಳಿಬಿಡಬೇಕು.

ನಾನು ವಾಡಿಯಲ್ಲಿ ಗಾಡಿ ಬದಲಿಸಿ ಸಂಜೆಗೆ ತಲುಪಿದೆ. "ಬರ್ರಿ ಮಿಸ್ತ್ರಿ, ಕುಂದ್ರಿ" ಎಂದು ಮಾಸ್ತರರು ಫ್ಯಾನಿನ ಕೆಳಗೆ ಕೂರಿಸಿದರು. ಶ್ರೀದೇವಿ ಹಿತ್ತಲಿನಿಂದ ಬಂದು ಬೆಲ್ಲದ ಪಾನಕ ಇಟ್ಟಳು. ಸೀರೆಯ ನೆರಿಗೆ ಮೊಣಕಾಲಿನ ತನಕ ಒದ್ದೆಯಾಗಿತ್ತು. ಪಾತ್ರೆ ತೊಳೆಯುತ್ತಿದ್ದಿರಬೇಕು ಎಂದುಕೊಂಡು ಪಾನಕ ಕುಡಿದೆ. ಆಮೇಲೆ ಕುರ್ಚಿ ಹತ್ತಿ ಕಲ್ಲು ಮುಟ್ಟಿದರೆ, ಸುಡುವ ಏಪ್ರಿಲ್ ತಿಂಗಳಲ್ಲಿ ಕಲ್ಲು ತಣ್ಣಗಿತ್ತು!

"ಇದೇನ್ರಿ ಅಮ್ಮಾ, ಕಲ್ಲು ತಂಪದ?"

ಪದ್ಮಾಬಾಯಿಗೆ ಹಿಗ್ಗು. "ಇರಲಾರದ ಏನ್ರಿ? ನಮ್ಮ ಮಾಳಗಿ ದಿನಾ ಸಂಜಿಗೆ ನೀರು ಕುಡೀತದ. ನಾ ಮದಿವ್ಯಾಗಿ ಈ ಮನಿಗೆ ಬಂದಾಗಿಂದ ಒಂದು ಬ್ಯಾಸಗಿ ತಪ್ಪಿಲ್ಲ."

ನಮ್ಮ ಕಡೆಯ ಹಳೆಯ ಪದ್ಧತಿ ಅದು. ಸಂಜೆಗೆ ಮಾಳಿಗೆಯ ಮೇಲೆ ಕೊಡಗಟ್ಟಲೆ ನೀರು ಸುರಿದರೆ ಕಲ್ಲು ಬುಸ್ಸೆಂದು ಹಬೆಯಾಡಿ ತಣ್ಣಗಾಗುತ್ತದೆ. ಶಾಂತಪ್ಪನವರಿಗೆ ಫೋನು ಹಚ್ಚಿ ಹೇಳಿದೆ. "ಕಲ್ಲು ತಂಪದಂತಿ, ಮತ್ತ ಒಂದೂವರಿ ಯಾಕ? ಒಂದು ಸಾಕು. ವಾಡಿ ಮರತಿಯೇನು?" ಎಂದು ಫೋನು ಇಟ್ಟರು.

"ನೀರು ಹಾಕೂತನಕ ಒಂದು ಟನ್ ಸಾಕ್ರಿ" ಎಂದು ಮಾಸ್ತರರಿಗೆ ಹೇಳಿದೆ. "ಬಿಟ್ರ ಒಂದೂವರಿ ಬೇಕಾಗ್ತದ. ನನ್ನ ಕೇಳಿದ್ರ ಒಂದೂವರೀನೇ ಹಚ್ಚಿಸ್ರಿ."

"ಬಿಡೋದು ಯಾಕ್ರಿ? ಅಮ್ಮನ ಕಾಲದಿಂದ ನಡದದ" ಎಂದರು. ಆಮೇಲೆ ಗಣಿತದ ಮಾಸ್ತರಿಕೆ ಎದ್ದು ನಗುತ್ತಾ, "ಅಂದ್ರ ನಮ್ಮ ಬಾವಿ ನೀರಿನ ಕಿಮ್ಮತ್ತು ಅರ್ಧ ಟನ್ ಅಂದಂಗಾತು" ಎಂದರು. ಎಲ್ಲರೂ ನಕ್ಕೆವು. ಬಾಗಿಲಿಗೆ ಒರಗಿ ನಿಂತಿದ್ದ ಶ್ರೀದೇವಿಯೂ ನಕ್ಕಳು. ಆ ನೀರನ್ನು ಹೊರುವವರು ಯಾರು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಯಂತ್ರ ತಂದ ದಿನ ಎಸಿಯ ಹೊರಗಿನ ಡಬ್ಬಿಯನ್ನು ಮಾಳಿಗೆಯ ಮೇಲೆ ಇಡೋಣ ಎಂದಾಗ ಪದ್ಮಾಬಾಯಿ ಕೈ ಮುಗಿದರು. "ದೇವರಮನಿ ಮ್ಯಾಲ ಹೊರಗಿನವರು ಯಾರೂ ಕಾಲಿಡೂದು ನಮ್ಮಲ್ಲಿ ನಡೆಯೂದಿಲ್ರಿ. ತಪ್ಪ ತಿಳಕೋಬ್ಯಾಡ್ರಿ."

"ಇದರಾಗ ತಪ್ಪೇನ್ರಿ ಅಮ್ಮಾ? ನಮ್ಮ ದರ್ಗಾದಾಗೂ ಹಂತಾ ಜಾಗಾ ಅದ" ಎಂದು ಪಡುವಣ ಗೋಡೆಗೆ ಕಬ್ಬಿಣದ ಕಾಲು ಹೊಡೆದು ಕೂರಿಸಿದೆ. ಕೋಣೆ ಹಿತವಾಗಿ ತಣ್ಣಗಾಯಿತು. ಪದ್ಮಾಬಾಯಿ ಹಣ್ಣು ಕೊಟ್ಟು ಕಳಿಸಿದರು.

ಬಿಸಿಲು ಇನ್ನಷ್ಟು ಏರಿದಾಗ ಫೋನು ಬಂತು. ಎಸಿ ಕೆಟ್ಟಿದೆ, ಕೋಣೆ ತಂಪಾಗುತ್ತಿಲ್ಲ. ಹೋಗಿ ನೋಡಿದರೆ ಕೋಣೆ ತುಂಬ ಮಂದಿ. ಪದ್ಮಾಬಾಯಿಯ ಮಂಚ ಒಳಗೆ ಬಂದಿತ್ತು. ರಜೆಗೆಂದು ತವರಿಗೆ ಬಂದ ಮಾಸ್ತರರ ತಂಗಿ ವನಜಾ ಇಬ್ಬರು ಮಕ್ಕಳ ಸಮೇತ ಅಲ್ಲೇ ಹಾಸಿಗೆ ಹಾಸಿದ್ದಳು. ಮನೆಯಲ್ಲಿ ಒಂದೇ ಎಸಿ ಇದ್ದರೆ ಆ ಕೋಣೆ ಒಬ್ಬರದಾಗಿ ಉಳಿಯುವುದಿಲ್ಲ. ಒಂದೊಂದು ಮೈಯೂ ಒಂದೊಂದು ಸಣ್ಣ ಒಲೆ, ಇದನ್ನೂ ಲೆಕ್ಕದಲ್ಲಿ ಹಿಡಿಯಿರಿ ತಮ್ಮಂದಿರಾ. ಗ್ಯಾಸು ನೋಡಿದೆ, ಜಾಳಿಗೆ ತೊಳೆದೆ, ಯಂತ್ರದಲ್ಲಿ ಐಬು ಇರಲಿಲ್ಲ. ಕುರ್ಚಿ ಹತ್ತಿ ಕೈ ಇಟ್ಟರೆ ಕಲ್ಲು ಸುಡುತ್ತಿತ್ತು.

"ನೀರು ಹಾಕೂದು ಬಿಟ್ಟೀರೇನ್ರಿ?"

ಮಾಸ್ತರರು ತಾಯಿಯ ಮುಖ ನೋಡಿದರು. ಕೊನೆಗೆ ವನಜಾ ಬಾಯಿ ಬಿಟ್ಟಳು. "ಹಾಕಾಕಿನೇ ಬಿಟ್ಟಾಳಲ್ರಿ. ಕೊಡ ಎತ್ತಬ್ಯಾಡ ಅಂತ ಡಾಕ್ಟರ್ ಹೇಳ್ಯಾರಂತ."

ಹಿತ್ತಲಿಗೆ ಹೋಗಿ ನೋಡಿದೆ. ಬಾವಿ, ಅದರಿಂದ ನಾಲ್ಕು ಮಾರು ದೂರದಲ್ಲಿ ಗೋಡೆಗೆ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಏಣಿ, ಅದರ ಬುಡದಲ್ಲಿ ಬೋರಲು ಹಾಕಿದ ತಾಮ್ರದ ಕೊಡ. ಅವತ್ತಿನ ಒದ್ದೆ ನೆರಿಗೆ ನೆನಪಾಯಿತು. ಯಾ ಅಲ್ಲಾ, ಯಾರನ್ನು ತಂಪಾಗಿ ಇಡಬೇಕೆಂದು ಎಸಿ ತಂದೆವೋ ಅವಳೇ ಅದರ ಅರ್ಧ ಟನ್ನಾಗಿದ್ದಳು. ಮೈ ಉರಿದುಹೋಯಿತು.

"ಏನ್ರಿ ಮಾಸ್ತರ, ಒಂದ್ ಟನ್ ಸಾಕು ಅಂದಾಗ ನೀರು ಹೊರಾವರು ಯಾರು ಅಂತ ಒಂದು ಮಾತ ಹೇಳಬಾರದೇನ್ರಿ?"

ಅವರು ತಲೆ ತಗ್ಗಿಸಿ ಹೇಳಿದರು: "ನೀವು ಕೇಳಲಿಲ್ಲಲ್ರಿ."

ಖರೇ ಮಾತು. ಸಿಟ್ಟು ನುಂಗಿಕೊಂಡು ದಾರಿ ಹುಡುಕಿದೆ. ಮೋಟಾರು ಹಚ್ಚಿ ಪೈಪಿನಲ್ಲಿ ಏರಿಸೋಣವೆಂದರೆ ಬಾವಿಯ ನೀರು ತಳ ಕಂಡಿತ್ತು, ಸೇದಿದರೆ ಉಂಟು, ಮೋಟಾರಿಗೆ ಎಟಕುವುದಿಲ್ಲ. ಆಳು ಹೆಂಗಸನ್ನು ಹಚ್ಚಿರಿ ಎಂದೆ. ಪದ್ಮಾಬಾಯಿ ದೇವರಮನೆಯ ಕಡೆ ನೋಡಿದರು. ಯಂತ್ರ ಬದಲಿಸಿ ಕೊಡಿ ಎಂದು ಶಾಂತಪ್ಪನವರಿಗೆ ಫೋನು ಮಾಡಿದರೆ, ಗೋಡೆಗೆ ಹೊಡೆದು ಗ್ಯಾಸು ಬಿಚ್ಚಿದ ಮಾಲು ವಾಪಸು ಬಂದ ಚರಿತ್ರೆಯೇ ಇಲ್ಲ ಎಂದರು.

"ನಾನೇ ಹಾಕ್ತೀನ್ರಿ, ಫಿಕರ್ ಮಾಡಬ್ಯಾಡ್ರಿ" ಎಂದು ಗುರುರಾಜ ಮಾಸ್ತರರು ಎದ್ದರು. ನನ್ನೆದುರೇ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಕಚ್ಚೆ ಬಿಗಿದು, ಕೊಡ ಹೊತ್ತು ಏಣಿ ಹತ್ತಿದರು. ಸೀಮೆಸುಣ್ಣ ಹಿಡಿದ ಕೈ, ಅರ್ಧ ನೀರು ಹಾದಿಯಲ್ಲೇ ಚೆಲ್ಲಿತು. ಶ್ರೀದೇವಿ ಹಿತ್ತಲ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅವಳು ನನ್ನ ಜೊತೆ ಮಾತಾಡಿದ್ದು ಅವತ್ತೇ ಮೊದಲು. "ನೋಡ್ರಿ ಮಿಸ್ತ್ರಿ, ಮಾಳಗಿಗಿಂತ ಇವರಿಗೇ ಹೆಚ್ಚು ನೀರು ಬೀಳಲಿಕತ್ತದ" ಎಂದು ನಕ್ಕಳು. ಏಣಿಯ ಮೇಲಿನಿಂದ ಮಾಸ್ತರರೂ ನಕ್ಕರು. ಗಂಡ ಹೆಂಡತಿ ಹಾಗೆ ನಗುವುದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಸಿಟ್ಟನ್ನು ಅಂಗಡಿಯಲ್ಲಿ ಕಾರಿದೆ. "ಯಾಕೋ, ಅದು ನಿನ್ನ ತಂಗಿ ಮನಿಯೇನು?" ಎಂದು ಶಾಂತಪ್ಪನವರು ಕೆಣಕಿದರು.

"ತಂಗಿ ಮನಿ ಅಂತೇ ತಿಳಕೋರಿ. ಒಂದೂವರಿ ಕೊಡಂಗಿಲ್ಲ ಅಂದ್ರ ನಾಳಿಂದ ನಾ ಬರಂಗಿಲ್ಲ."

ಅವರು ಗೊಣಗಿದರು, ಗಲ್ಲಾ ಪೆಟ್ಟಿಗೆ ಬಡಿದರು, ಕೊನೆಗೆ ಒಪ್ಪಿದರು. "ಆತು ಮಾರಾಯಾ. ಮದಿವಿ ಸೀಜನ್ ಮುಗೀಲಿ, ಬದಲಿ ಮಾಡಿ ಕೊಡ್ತೀನಿ." ಮದುವೆಯ ದಿನಗಳಲ್ಲಿ ಒಂದು ಯಂತ್ರವೂ ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ, ಬೀಗರಿಗೆ ಎಸಿ ಕೊಡುವುದು ಆಗ ಹೊಸ ಷೋಕಿ. ಸರಿ, ಮಾಸ್ತರರು ನೀರು ಹೊರುತ್ತಿದ್ದಾರಲ್ಲ, ಅಲ್ಲಿಯ ತನಕ ನಡೆಯುತ್ತದೆ ಎಂದುಕೊಂಡೆ. ಚಿತ್ತಾಪುರಕ್ಕೂ ಫೋನು ಮಾಡಿ ತಿಳಿಸಿದೆ.

ಅಷ್ಟರಲ್ಲಿ ನನ್ನನ್ನು ಚಿಂಚೋಳಿಯ ಆಚೆ ಕುಂಚಾವರಂಗೆ ಕಳಿಸಿದರು. ಕಾಡಿನಂಚಿನ ಒಂದು ಮನೆ, ಅಳಿಯ ಕಳಿಸಿದ್ದ ಎಸಿ. ಕರೆಂಟು ಎಷ್ಟು ದುರ್ಬಲವೆಂದರೆ ಬಲ್ಬೇ ಕೆಂಪಗೆ ಉರಿಯುತ್ತಿತ್ತು, ಯಂತ್ರ ಗುರ್ ಎಂದು ನಿಂತುಬಿಡುತ್ತಿತ್ತು. ಮನೆಯ ಯಜಮಾನ, "ಏಂ ಚೇಸ್ತಾಂ, ಏನ್ ಮಾಡೂದು ಮಿಸ್ತ್ರಿ, ಗುಡ್ಯಾಗ ಇಟ್ಟ ದೇವರಂಗ ಅದಕ್ಕ ಕೈ ಮುಗದು ಕುಂದರ್ತೀವಿ" ಎಂದ. ಅಂಥ ಕರೆಂಟಿಗೆ ಯಾವ ಟನ್ನೂ ಅಳತೆಯಲ್ಲ. ಬೇವಿನ ಮರದ ಕೆಳಗೆ ಮಂಚ ಹಾಕಿಕೊಳ್ಳಿ ಎಂದು ಹೇಳಿ, ಯಂತ್ರ ಬಿಚ್ಚಿ ಅಳಿಯನಿಗೆ ಮುಟ್ಟಿಸಲು ಗಾಡಿಗೆ ಹೇರಿ ಹೊರಟೆ. ಆ ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಚಿಂಚೋಳಿ ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಗುರುರಾಜ ಮಾಸ್ತರರ ಕರೆ ಬಂತು. ಬದಲಿ ಯಂತ್ರದ ಮಾತಿರಬೇಕೆಂದು ಎತ್ತಿದೆ.

"ಮಿಸ್ತ್ರಿ, ಆ ಬ್ಯಾರೆ ಮಷಿನ್ ಇನ್ನ ಬ್ಯಾಡ್ರಿ" ಎಂದರು. ಹಿಂದೆ ಯಾರೋ ಹೆಂಗಸು ಅಳುವುದು ಕೇಳಿಸಿತು. ಮುಂದೆ ಮಾತಾಡದೆ ಇಟ್ಟರು.

ಆದದ್ದು ಇಷ್ಟು. ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆಂದು ಮಾಸ್ತರರನ್ನು ಕಲಬುರಗಿಗೆ ಕರೆಸಿದ್ದರು. ಅವರು ಇಲ್ಲದಾಗ ಕಲ್ಲು ಒಣಗಿತು. ಕೋಣೆಯಲ್ಲಿ ಮಲಗಿದ್ದ ಪದ್ಮಾಬಾಯಿಗೆ ಧಗೆಗೆ ಬಿಪಿ ಏರಿ ಕಣ್ಣು ಕತ್ತಲೆ ಬಂದಿತ್ತು. "ನಿನ್ನ ಸಲುವಾಗಿ ತಂದ ಎಸಿ, ನಮ್ಮಮ್ಮ ಅದರ ಕೆಳಗೇ ಬೇಯಲಿಕತ್ತಾಳ" ಎಂದು ವನಜಾ ಒಂದು ಮಾತು ಆಡಿದಳಂತೆ. ಏಣಿ ಹತ್ತು ಎಂದು ಯಾರೂ ಹೇಳಲಿಲ್ಲ. ಎರಡೇ ಕೊಡ ಎಂದುಕೊಂಡು ಶ್ರೀದೇವಿ ತಾನೇ ಹೋದಳು. ಒಂದು ಕೊಡ ಹಾಕಿದಳು. ಎರಡನೆಯದರ ಹೊತ್ತಿಗೆ ಏಣಿಯ ಮೆಟ್ಟಿಲು ಒದ್ದೆಯಾಗಿತ್ತು, ಕಾಲು ಜಾರಿತು. ಅವಳ ಜೀವ ಉಳಿಯಿತು, ಕೂಸು ಉಳಿಯಲಿಲ್ಲ. ಇನ್ನು ಮುಂದೆ ಬಸಿರು ಆಗುವುದಿಲ್ಲವೆಂದೂ ಡಾಕ್ಟರು ಹೇಳಿದರು.

ನಾನು ಅಂಗಡಿಗೆ ಬಂದು ಹತಾರಿನ ಚೀಲ ಇಳಿಸಿದೆ. ಶಾಂತಪ್ಪನವರೇ ನನ್ನ ಹತ್ತಿರ ಬಂದು ನಿಂತು, "ಮದಿವಿ ಸೀಜನ್ ಅಂದೆನಲ್ಲೋ ದಸ್ತಗೀರ್" ಎಂದು ಗೋಡೆಗೆ ಹಣೆ ಹಚ್ಚಿದರು. ಕೆಟ್ಟ ಮನುಷ್ಯರಲ್ಲ. ಈ ಸಂಗತಿಯಲ್ಲಿ ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ಅವನನ್ನು ಬೈದು ನಾನು ಹಗುರಾಗುತ್ತಿದ್ದೆ.

ಮರು ಬೇಸಿಗೆಗೆ ಚಿತ್ತಾಪುರದಿಂದಲೇ ಕರೆ ಬಂತು, ಒಂದೂವರೆ ಟನ್ ಬೇಕೆಂದು. ಹಳೆಯ ಯಂತ್ರ ಇಳಿಸಿ ಹೊಸದನ್ನು ಕೂರಿಸಿದೆ. ಕೋಣೆ ಅದೇ, ಕಲ್ಲು ಅದೇ. ವನಜಾ ಆ ಬೇಸಿಗೆ ತವರಿಗೆ ಬಂದಿರಲಿಲ್ಲ. ಶ್ರೀದೇವಿ ಸೇಡಂಗೆ ತನ್ನ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಮಾಸ್ತರರು ವರಾಂಡದಲ್ಲಿ ಪೇಪರು ಹಿಡಿದು ಕೂತಿದ್ದರು, ಪುಟ ತಿರುವಿದ್ದು ಕಾಣಲಿಲ್ಲ. ಪದ್ಮಾಬಾಯಿ ಹೊಸ್ತಿಲ ಹೊರಗೆ ಕೂತು ನಾನು ಕೆಲಸ ಮಾಡುವುದನ್ನೇ ನೋಡುತ್ತಿದ್ದರು.

"ಈ ಗುರುರಾಜ ನನ್ನ ಹೊಟ್ಟ್ಯಾಗ ಇದ್ದಾಗ ನಾನೂ ನೀರು ಹ್ವತ್ತೀನ್ರಿ" ಎಂದರು ತಟ್ಟನೆ. "ದಿನಾ ಹ್ವತ್ತೀನಿ. ಅದೇ ಏಣಿ, ಅದೇ ಕೊಡ. ನನಗೇನೂ ಆಗಲಿಲ್ಲ. ಅದಕ್ಕ ನನಗ ತಿಳೀಲಿಲ್ಲ ನೋಡ್ರಿ." ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನಗೂ ಕಣ್ಣು ತುಂಬಿ ಬಂತು. ಎಸಿ ಚಾಲೂ ಮಾಡಿದೆ. ಕೋಣೆ ಐಸಿನಂತಾಯಿತು. ಒಳಗೆ ಬಂದು ಕೂತುಕೊಳ್ಳಿ ಎಂದರೆ ಅವರು ಬರಲಿಲ್ಲ.

ಅವತ್ತಿನಿಂದ ನನ್ನ ಅಳತೆ ಬದಲಾಯಿತು. ಟೇಪು ಆಮೇಲೆ, ಕಲ್ಲು ಆಮೇಲೆ. ಒಳಗೆ ಕಾಲಿಟ್ಟ ಕೂಡಲೇ ಮಾಳಿಗೆಗೆ ನೀರು ಯಾರು ಹಾಕುತ್ತಾರೆ ಎಂದು ಕೇಳುತ್ತಿದ್ದೆ. ಇವನಿಗೇನು ಅಧಿಕಪ್ರಸಂಗ ಎಂದು ಗಂಡಸರು ಮುಖ ಸಿಂಡರಿಸುತ್ತಿದ್ದರು. ಹೆಂಗಸರು ಮಾತ್ರ ತಿರುಗಿ ನೋಡುತ್ತಿದ್ದರು.

ಕೆಲಸ ಬಿಡುವ ಮುಂಚೆ ನಾನು ಹೋದ ಕೊನೆಯ ಮನೆಗಳಲ್ಲಿ ಒಂದು ಸೇಡಂನಲ್ಲಿತ್ತು. ಗುಡಿಯ ಪೂಜೆ ಮಾಡುವ ಹಿರಿಯರ ಮನೆ. ಪಾನಕ ತಂದಿಟ್ಟವಳ ಮುಖ ನೋಡಿದರೆ ಶ್ರೀದೇವಿ. ಬಡವಾಗಿದ್ದಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. "ಚಲೋ ಇದ್ದೀರೇನ್ರಿ ಮಿಸ್ತ್ರಿ?" ಎಂದಳು. ಮೊದಲು ಕೇಳಬೇಕಾದ ನೀರಿನ ಪ್ರಶ್ನೆ ನನಗೆ ಮರೆತೇಹೋಯಿತು. ಕುರ್ಚಿ ಎಳೆದುಕೊಂಡು ಹತ್ತಿ ಕಲ್ಲಿಗೆ ಕೈ ಇಟ್ಟೆ. ತಣ್ಣಗಿತ್ತು.

"ನೀರು ಯಾರು ಹಾಕ್ತಾರ್ರಿ?" ಎಂದು ಕೇಳಿದೆ.

"ನಮ್ಮ ಸೊಸಿ ಹಾಕ್ತಾಳ್ರಿ, ದಿನಾ ತಪ್ಪಸಂಗಿಲ್ಲ" ಎಂದರು ಶ್ರೀದೇವಿಯ ತಂದೆ, ಹೆಮ್ಮೆಯಿಂದ. "ಕಲ್ಲು ತಂಪದಲ್ರಿ? ಹಂಗಾದ್ರ ಒಂದು ಟನ್ ಸಾಕಲ್ಲ?"

ಅಡುಗೆಮನೆಯ ಬಾಗಿಲಲ್ಲಿ ಶ್ರೀದೇವಿಯ ತಮ್ಮನ ಹೆಂಡತಿ ನಿಂತಿದ್ದಳು, ಇನ್ನೂ ಎಳೆಯ ಹುಡುಗಿ. ಅವಳ ಸೀರೆಯ ನೆರಿಗೆ ಒದ್ದೆಯಾಗಿತ್ತು. ನಾನು ಬಾಯಿ ತೆರೆಯುವುದರೊಳಗೆ ಶ್ರೀದೇವಿ ಹೋಗಿ ಆ ಹುಡುಗಿಯ ಪಕ್ಕದಲ್ಲಿ ನಿಂತು, ಅವಳ ಹೆಗಲ ಮೇಲೆ ಕೈ ಹಾಕಿದಳು.

"ಮಾಳಗಿ ಒಣಗೇದ ಅಂತ ಹಿಡದು ಲೆಕ್ಕಾ ಹಾಕ್ರಿ, ಮಿಸ್ತ್ರಿ" ಎಂದಳು.